ಮಿಠಾಯಿ ಮಾಮನಿಗೆ ಒಂದು ಶಲ್ಯ

ಕೊಚ್ಚಿಯ ಕಲೂರಿನ ಆ ಓಣಿಗೆ ಬಾಯಿ ಒಂದೇ. ಒಳಗೆ ಹೋಗುವುದಕ್ಕೂ ಅಲ್ಲೇ, ಹೊರಗೆ ಬರುವುದಕ್ಕೂ ಅಲ್ಲೇ. ಓಣಿಯ ಕೊನೆಯಲ್ಲಿ ಸುಮಿತ್ರಳ ಮಗಳು ದಿಶಾ ಹೋಗುವ ಪ್ಲೇಸ್ಕೂಲು. ಓಣಿಯ ಬಾಯಲ್ಲಿ ರಾಮದಾಸನ ಮಕ್ಕಳ ಬಟ್ಟೆ ಅಂಗಡಿ. ಸಂಜೆ ಐದೂವರೆಗೆ ರಾಮದಾಸ ಬಾಗಿಲಲ್ಲಿ ಬುಟ್ಟಿ ಹಿಡಿದು ನಿಲ್ಲುತ್ತಿದ್ದ. ಬುಟ್ಟಿಯ ತುಂಬ ಕೆಂಪು, ಹಸಿರು, ನೀಲಿ ಲಾಲಿಪಾಪು. ಹಾದುಹೋಗುವ ಪ್ರತಿ ಮಗುವಿನ ಕೈಗೂ ಒಂದೊಂದು. ಕೇಳಿದವರಿಗೂ ಕೊಡುತ್ತಿದ್ದ, ಕೇಳದವರಿಗೂ ಕೊಡುತ್ತಿದ್ದ, ಬೇಡ ಎಂದವರಿಗೆ ಓಡಿ ಬಂದು ಕೊಡುತ್ತಿದ್ದ.

ಧಾರಾಳಿ ಮನುಷ್ಯ ಅಂದುಕೊಂಡಿರಾ? ಸುಮಿತ್ರಳೂ ಮೊದಲು ಹಾಗೇ ಅಂದುಕೊಂಡಿದ್ದಳು. ಆಮೇಲೆ ನಿಂತು ನೋಡಿದಳು. ಲಾಲಿಪಾಪಿನ ಕಾಗದ ಬಿಚ್ಚಲು ಮಗು ಎರಡು ನಿಮಿಷ ನಿಲ್ಲುತ್ತದೆ. ಮಗು ನಿಂತರೆ ಅಮ್ಮ ನಿಲ್ಲುತ್ತಾಳೆ. ಅಮ್ಮ ನಿಂತರೆ ಗಾಜಿನ ಹಿಂದೆ ತೂಗುಹಾಕಿದ ಫ್ರಾಕು ಕಣ್ಣಿಗೆ ಬೀಳುತ್ತದೆ. ಅಷ್ಟೇ, ಅವನ ಧಾರಾಳದ ಗುಟ್ಟು.

ಸುಮಿತ್ರ ಮೈಸೂರಿನ ಹುಡುಗಿ. ಬ್ಯಾಂಕಿನ ಕೆಲಸದಲ್ಲಿ ವರ್ಗವಾಗಿ ಪಾಲಾರಿವಟ್ಟಂ ಶಾಖೆಗೆ ಬಂದು ಮೂರು ವರ್ಷ. ಗಂಡ ಉಮಾಮಹೇಶ್ವರ ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿದ್ದ. ಶುಕ್ರವಾರ ಸಂಜೆ ರೈಲು ಹತ್ತಿ ಬರುವುದು, ಭಾನುವಾರ ವಾಪಸು ಹೋಗುವುದು. ಕೌಂಟರಿನಲ್ಲಿ ಕೂತು ಕೂತು ಸುಮಿತ್ರಳಿಗೆ ಮಲಯಾಳಂ ಚೆನ್ನಾಗಿ ಬಂದಿತ್ತು. ಉಮಾಮಹೇಶ್ವರನ ಕಚೇರಿಯಲ್ಲಿ ಎಲ್ಲ ಇಂಗ್ಲಿಷು, ಹಾಗಾಗಿ ಅವನ ಮಲಯಾಳಂ ಊಟದ ಹೋಟೆಲಿನ ಮೆಟ್ಟಿಲು ಇಳಿದಿರಲಿಲ್ಲ. ಇನ್ನು ನಾಲ್ಕು ವರ್ಷದ ದಿಶಾ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳಂನಲ್ಲಿ ಉತ್ತರ ಕೊಡುವವಳು.

ಲಾಲಿಪಾಪಿನ ವಿಷಯಕ್ಕೆ ಇಷ್ಟೊಂದು ರಂಪ ಯಾಕೆ ಎಂದು ಕೇಳುವವರಿಗೆ ಸುಮಿತ್ರಳ ಹತ್ತಿರ ಒಂದೇ ಉತ್ತರವಿತ್ತು. ಹೋದ ಸೆಪ್ಟೆಂಬರಿನಲ್ಲಿ ದಿಶಾಳ ನಾಲ್ಕು ದವಡೆ ಹಲ್ಲು ಹುಳುಕಾಗಿ, ಕೆನ್ನೆ ಬಾತು, ಕೊನೆಗೆ ಆಪರೇಷನ್ ಥಿಯೇಟರಿನಲ್ಲಿ ಪ್ರಜ್ಞೆ ತಪ್ಪಿಸಿ ಚಿಕಿತ್ಸೆ ಮಾಡಬೇಕಾಯಿತು. ಆ ಉದ್ದದ ಮೇಜಿನ ಮೇಲೆ ಅಷ್ಟು ಚಿಕ್ಕ ಮಗು. ಮುಖಕ್ಕೆ ಮಾಸ್ಕ್ ಇಡುವಾಗ "ಅಮ್ಮಾ, ಪೋವಲ್ಲೇ" ಎಂದು ಅವಳ ಬೆರಳು ಹಿಡಿದುಕೊಂಡಿತ್ತು. ಹೋಗಬೇಡ ಎಂದಳಲ್ಲ ಮಗಳು, ಆದರೂ ಬೆರಳು ಬಿಡಿಸಿಕೊಂಡು ಆಚೆ ಬರಬೇಕಾಯಿತು. ಡಾಕ್ಟರು ಆಮೇಲೆ ಹೇಳಿದ್ದು ಸ್ಪಷ್ಟವಾಗಿತ್ತು: ಇನ್ನೆರಡು ಹಲ್ಲಿನಲ್ಲಿ ಶುರುವಾಗಿದೆ, ಸಿಹಿ ನಿಲ್ಲಿಸಿದರೆ ಅಲ್ಲಿಗೇ ನಿಲ್ಲುತ್ತದೆ, ಇಲ್ಲದಿದ್ದರೆ ಜೂನ್ ಹೊತ್ತಿಗೆ ಮತ್ತೆ ಅದೇ ಮೇಜು. ಅವತ್ತು ಮನೆಗೆ ಬಂದ ಸುಮಿತ್ರ ಸಕ್ಕರೆ ಡಬ್ಬವನ್ನೇ ಅಟ್ಟದ ಮೇಲೆ ಎಸೆದಳು. ಬೇರೆ ಎಲ್ಲ ಬಾಗಿಲೂ ಮುಚ್ಚಿತು, ರಾಮದಾಸನ ಬಾಗಿಲೊಂದು ಬಿಟ್ಟು.

ಮೊದಲು ಅಣ್ಣಾ ಎಂದು ಕರೆದು ಮರ್ಯಾದೆಯಿಂದ ಹೇಳಿದಳು. ಚೇಟ್ಟಾ, ಮಗುವಿನ ಹಲ್ಲು ಹೀಗೀಗೆ, ದಯವಿಟ್ಟು ಕೊಡಬೇಡಿ. ರಾಮದಾಸ ಅರವತ್ತರ ಮನುಷ್ಯ, ಬಿಳಿ ಪಂಚೆ, ನಗುಮುಖ. ಒಂದು ಮಿಠಾಯಿಯಿಂದ ಏನಾಗುತ್ತದೆ ಮೇಡಂ, ಹೇಗೂ ಬಿದ್ದುಹೋಗುವ ಹಲ್ಲು ತಾನೇ ಎಂದು ನಕ್ಕ. ಆಮೇಲೆ ತಲೆ ಓರೆ ಮಾಡಿ, ಬಹಳ ದೊಡ್ಡ ಮಾತು ಹೇಳುವವನ ಹಾಗೆ ಹೇಳಿದ: "ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನಬಾರದು ಮೇಡಂ." ಹೇಳುತ್ತಲೇ ದಿಶಾಳ ಕೈಗೆ ಕೆಂಪು ಲಾಲಿಪಾಪು ತುರುಕಿದ.

ಮಗುವಿನ ಕೈಗೆ ಬಂದದ್ದನ್ನು ಕಿತ್ತುಕೊಳ್ಳುವುದು ಎಂದರೆ ಏನೆಂದು ಹೆತ್ತವರಿಗೇ ಗೊತ್ತು. ದಿಶಾ ರಸ್ತೆಯಲ್ಲೇ ಉರುಳಿ ಬಿದ್ದಳು. ಅವಳ ಕೂಗಿಗೆ ಸ್ಟೇಡಿಯಂ ಕಡೆಯಿಂದ ಬರುತ್ತಿದ್ದವರೆಲ್ಲ ತಿರುಗಿ ನೋಡಿದರು. ಪಾಪ ಮಗು ಎಂದರು ಕೆಲವರು, ಎಂಥ ತಾಯಿ ಎಂದು ಕಣ್ಣಲ್ಲೇ ಕೇಳಿದರು ಉಳಿದವರು. ಹತ್ತಿರದಲ್ಲೇ ಇದ್ದ ಮನೆಯವರೆಗೂ ಮಗುವನ್ನು ಹೊತ್ತುಕೊಂಡು ಹೋದಳು, ಎದೆಗೆ ಒದೆ ತಿನ್ನುತ್ತ. ಇದು ದಿನಾ ನಡೆಯಿತು. ಲಾಲಿಪಾಪು ಇಲ್ಲದ ದಿನ ಪೀಪಿ. ದಿಶಾ ಅದನ್ನು ಊದಿದ್ದೇ ಊದಿದ್ದು, ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು. ಪೀಪಿ ಇಲ್ಲದ ದಿನ ಬಲೂನು, ಮನೆ ಸೇರುವಷ್ಟರಲ್ಲಿ ಒಡೆದು ಮತ್ತೊಂದು ಅಳು. ಬಣ್ಣ ಬಿಡುವ ಸ್ಟಿಕ್ಕರುಗಳು ಫ್ರಿಜ್ಜಿನ ಮೇಲೆ, ಬಾಗಿಲ ಮೇಲೆ, ಒಂದು ದಿನ ಸುಮಿತ್ರಳ ಬ್ಯಾಂಕಿನ ಗುರುತಿನ ಚೀಟಿಯ ಮೇಲೆ, ಸರಿಯಾಗಿ ಅವಳ ಮೂಗಿಗೆ.

ಒಂದು ಸಂಜೆ ದಿಶಾ ಬಿಕ್ಕುತ್ತ ಬಿಕ್ಕುತ್ತ ಹೇಳಿದಳು: "ಅಮ್ಮ ಚೀತ್ತ. ಮಿಟ್ಟಾಯಿ ಮಾಮನ್ ನಲ್ಲದು." ಅಮ್ಮ ಕೆಟ್ಟವಳಂತೆ, ಮಿಠಾಯಿ ಮಾಮ ಒಳ್ಳೆಯವನಂತೆ. ಸುಮಿತ್ರ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮಾರನೆಯ ದಿನ ಮಗಳ ಅಂಗಿಗೆ ಮಲಯಾಳಂನಲ್ಲಿ ಬರೆದ ಚೀಟಿ ಪಿನ್ನು ಹಾಕಿ ಕಳಿಸಿದಳು: ಹಲ್ಲಿನ ಚಿಕಿತ್ಸೆ ನಡೆಯುತ್ತಿದೆ, ಸಿಹಿ ಕೊಡಬೇಡಿ. ರಾಮದಾಸ ಕನ್ನಡಕ ಏರಿಸಿ ಚೀಟಿಯನ್ನು ಪೂರ್ತಿ ಓದಿದ. ಪಾಪ, ಪಾಪ ಎಂದ. ಪಾಪ ಮಗುವೆಂದು ಆವತ್ತು ಎರಡು ಲಾಲಿಪಾಪು ಕೊಟ್ಟ.

ಆ ಶನಿವಾರ ಉಮಾಮಹೇಶ್ವರನೇ ಎದ್ದ. ಗಂಡಸು ಹೋಗಿ ಮಾತಾಡಿದರೆ ತೂಕವೇ ಬೇರೆ ಎಂದ. ಅಂಗಿ ಇಸ್ತ್ರಿ ಮಾಡಿಕೊಂಡು ಹೋದ. ಅರ್ಧ ಗಂಟೆಯಲ್ಲಿ ವಾಪಸು ಬಂದವನ ಮುಖ ಅರಳಿತ್ತು. ಕೈಯಲ್ಲಿ ಒಂದು ಚೀಲ. ಚೀಲದಲ್ಲಿ ಆರು ಪೀಪಿ, ಒಂದು ಪ್ಲಾಸ್ಟಿಕ್ ಕನ್ನಡಕ, ಕೈತುಂಬ ಲಾಲಿಪಾಪು.

"ನೀನು ಸುಮ್ನೆ ಆಡ್ಕೋತೀಯ ಕಣೇ," ಎಂದ ಅವನು ಕುರ್ಚಿಯಲ್ಲಿ ಕೂರುತ್ತ. "ಎಂಥಾ ಸಜ್ಜನ ಗೊತ್ತಾ? ನಿಂಗೆ ಶಲ್ಯ ಹೊದಿಸ್ತಾರಂತೆ."

ಸುಮಿತ್ರಳಿಗೆ ಅರ್ಥವಾಗಲಿಲ್ಲ. ಅವರು ಏನಂದರು, ಹೇಳಿದ್ದನ್ನು ಹೇಳಿದ ಹಾಗೇ ಹೇಳಿ ಎಂದಳು. ಉಮಾಮಹೇಶ್ವರ ಕಣ್ಣು ಮುಚ್ಚಿ, ಜ್ಞಾಪಿಸಿಕೊಂಡು, ಒಂದೊಂದೇ ಪದ ಜೋಡಿಸಿದ: "ನಿಂಗಳುಡೆ ಭಾರ್ಯ ವಲ್ಯ ಶಲ್ಯಮಾಣು. ವಲ್ಯ ಅಂದ್ರೆ ದೊಡ್ಡದು, ಅಷ್ಟು ಗೊತ್ತು ನಂಗೆ. ಅಂಗಡೀದು ಹತ್ತನೇ ವರ್ಷದ ಸಮಾರಂಭ ಇದೆಯಂತಲ್ಲ, ಅಲ್ಲಿ ದೊಡ್ಡ ಶಲ್ಯ ಹೊದಿಸೋದು ಇರ್ಬೇಕು."

"ನೀವೇನಂದ್ರಿ?"

"ಕೈಮುಗಿದು, ವಲ್ಯ ಸಂತೋಷಂ ಅಂದೆ. ಅಂಗಡಿ ಹುಡುಗೀರೆಲ್ಲ ನಕ್ಕಿದ್ದೇ ನಕ್ಕಿದ್ದು. ಖುಷಿ ಜನ."

ಸುಮಿತ್ರ ಗೋಡೆ ಹಿಡಿದು ನಿಂತಳು. ನಗಬೇಕೋ ಅಳಬೇಕೋ, ಈ ಗಂಡನನ್ನು ಏನು ಮಾಡಬೇಕೋ ತಿಳಿಯಲಿಲ್ಲ. ನಮ್ಮಲ್ಲಿ ಶಲ್ಯ ಎಂದರೆ ಹೆಗಲ ಮೇಲೆ ಹಾಕುವ ವಸ್ತ್ರ, ಸನ್ಮಾನಕ್ಕೆ ಹೊದಿಸುವಂಥದ್ದು. ಮಲಯಾಳಂನಲ್ಲಿ ಶಲ್ಯಂ ಎಂದರೆ ಪೀಡೆ. ಆ ಮನುಷ್ಯ ನಿನ್ನ ಹೆಂಡತಿ ದೊಡ್ಡ ಪೀಡೆ ಎಂದು ಮುಖದ ಮೇಲೆ ಹೇಳಿದ್ದ; ಈ ಮಹಾರಾಯ ಕೈಮುಗಿದು ಬಹಳ ಸಂತೋಷ ಎಂದು ಬಂದಿದ್ದ, ಅವನೇ ಕೊಟ್ಟ ಪೀಪಿಗಳನ್ನು ಹೊತ್ತುಕೊಂಡು.

ಅರ್ಥ ಬಿಡಿಸಿ ಹೇಳಿದಾಗ ಉಮಾಮಹೇಶ್ವರನ ಮುಖ ಸಣ್ಣಗಾಯಿತು. ಚೀಲವನ್ನು ಕುರ್ಚಿಯ ಕೆಳಗೆ ತಳ್ಳಿದ. ಹೋಗಲಿ ಬಿಡು, ಪ್ಲೇಸ್ಕೂಲೇ ಬದಲಾಯಿಸೋಣ ಎಂದ. ಸುಮಿತ್ರ ಒಪ್ಪಲಿಲ್ಲ. ಪೀಡೆ ಎಂದ ಮೇಲೆ ಪೀಡೆ ಹೇಗಿರುತ್ತದೆ ಎಂದು ಅವನಿಗೆ ಗೊತ್ತಾಗಬೇಡವೇ ಎಂದು ಅವಳ ಮನಸ್ಸು ಹಲ್ಲು ಕಡಿಯುತ್ತಿತ್ತು.

ಆದರೂ ಅವಳು ಸುಮ್ಮನಾಗುತ್ತಿದ್ದಳೋ ಏನೋ. ಸೋಮವಾರ ಸಂಜೆ ಆ ಒಂದು ಮಾತು ಕಿವಿಗೆ ಬೀಳದಿದ್ದರೆ. ಬ್ಯಾಂಕಿನಿಂದ ಬೇಗ ಬಿಟ್ಟು ಬಂದಿದ್ದಳು. ರಾಮದಾಸ ಇನ್ನೂ ಬಾಗಿಲಿಗೆ ಬಂದಿರಲಿಲ್ಲ. ಒಳಗೆ ಬುಟ್ಟಿ ತುಂಬಿಸುತ್ತಿದ್ದ. ಪಕ್ಕದಲ್ಲಿ ಅವನ ಮೊಮ್ಮಗಳು ಮಾಳು, ದಿಶಾಳ ವಯಸ್ಸಿನವಳೇ, ಬುಟ್ಟಿಗೆ ಕೈ ಹಾಕಿತು. ರಾಮದಾಸ ಅದರ ಕೈಯನ್ನು ಮೆಲ್ಲಗೆ ಎತ್ತಿ ಆಚೆ ಇಟ್ಟ. ಅದು ನಮಗಲ್ಲ ಮಗಳೇ, ಬರೀ ಬಣ್ಣ, ಹಲ್ಲು ಹಾಳಾಗುತ್ತದೆ, ಅದು ಅಂಗಡಿಗೆ ಬರುವ ಮಕ್ಕಳಿಗೆ ಎಂದ. ಆಮೇಲೆ ಒಂದು ನೇಂದ್ರಬಾಳೆ ಸುಲಿದು ಅದರ ಕೈಗೆ ಕೊಟ್ಟ.

ಸುಮಿತ್ರಳ ಮೈಯೆಲ್ಲ ಉರಿದುಹೋಯಿತು. ಗೊತ್ತಿಲ್ಲದೆ ಮಾಡುವವನನ್ನು ಕ್ಷಮಿಸಬಹುದು. ಇವನಿಗೆ ಗೊತ್ತಿತ್ತು. ತನ್ನ ಮನೆಯ ಹಲ್ಲು ಹಲ್ಲು, ಬೇರೆಯವರ ಮನೆಯದು ಹೇಗೂ ಬೀಳುವಂಥದ್ದು. ಅವಳು ಒಳಗೆ ನುಗ್ಗಲಿಲ್ಲ, ಕೂಗಾಡಲಿಲ್ಲ. ಬಾಗಿಲಲ್ಲಿ ಅಂಟಿಸಿದ್ದ ಹತ್ತನೇ ವಾರ್ಷಿಕೋತ್ಸವದ ಕಾಗದ ಓದಿದಳು: ಮುಂದಿನ ಭಾನುವಾರ ಬೆಳಿಗ್ಗೆ ಹನ್ನೊಂದು, ಎಲ್ಲ ಮಕ್ಕಳಿಗೂ ಉಚಿತ ಉಡುಗೊರೆ. ಉಚಿತ ಎಂಬ ಪದವನ್ನು ಎರಡು ಸಲ ಓದಿದಳು.

ಮರುದಿನ ನಗುನಗುತ್ತ ಅಂಗಡಿಗೆ ಹೋದಳು. ಚೇಟ್ಟಾ, ನನ್ನದೂ ಸ್ವಲ್ಪ ಅತಿಯಾಯಿತು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದಳು. ಇಷ್ಟು ವರ್ಷದಿಂದ ಮಕ್ಕಳಿಗೆ ಕೈಯೆತ್ತಿ ಕೊಡುತ್ತಿದ್ದೀರಿ, ತಂದೆತಾಯಿಗಳ ಪರವಾಗಿ ಭಾನುವಾರ ನಿಮ್ಮನ್ನು ಸನ್ಮಾನಿಸುವ ಆಸೆ ಎಂದಳು. ರಾಮದಾಸ ಉಬ್ಬಿಹೋದ. ವಾರ್ಡ್ ಮೆಂಬರಿನ ಭಾಷಣವಾದ ಕೂಡಲೇ ನಿಮ್ಮದೇ ಎಂದು ಅಲ್ಲೇ ಸಮಯ ಗೊತ್ತು ಮಾಡಿದ.

ಆ ವಾರ ಶುಕ್ರವಾರ ಉಮಾಮಹೇಶ್ವರ ಬರುವುದಿರಲಿಲ್ಲ. ಶನಿವಾರವೂ ಕಚೇರಿಯಲ್ಲಿ ತಪಾಸಣೆ. ಸುಮಿತ್ರಳೇ ಶನಿವಾರ ಬೆಳಗಿನ ರೈಲಿಗೆ ಮಗಳನ್ನು ಕರೆದುಕೊಂಡು ತಿರುವನಂತಪುರಕ್ಕೆ ಹೋದಳು. ಸನ್ಮಾನದ ವಸ್ತ್ರ ಕಲೂರಿನಲ್ಲಿ ಕೊಂಡರೆ ಸುದ್ದಿ ರಾಮದಾಸನ ಕಿವಿಗೆ ಬೀಳುತ್ತದೆ. ಅಲ್ಲಿನ ಚಾಲೈ ಮಾರುಕಟ್ಟೆಯ ಬೀದಿಯಲ್ಲಿ ಯಾರಿಗೆ ಯಾರು? ಮಧ್ಯಾಹ್ನ ತಪಾಸಣೆ ಮುಗಿಸಿ ಉಮಾಮಹೇಶ್ವರ ಅಲ್ಲಿಗೇ ಬಂದು ಸೇರಿಕೊಂಡ. ಮೂಟೆ ಹೊತ್ತವರ ನಡುವೆ ನುಗ್ಗಿ, ಮೆಣಸಿನಕಾಯಿ ಘಾಟಿಗೆ ಸೀನಿ, ಬಟ್ಟೆಯ ಹಳೆಯ ಮಳಿಗೆಯೊಂದಕ್ಕೆ ಹೊಕ್ಕರು. ಜರಿ ಅಂಚಿನ ಬಿಳಿ ವಸ್ತ್ರ, ಎಲ್ಲಕ್ಕಿಂತ ದೊಡ್ಡದು ಬೇಕು ಎಂದಳು ಸುಮಿತ್ರ. ಹೊದಿಸುವ ಪೊನ್ನಾಡೆಯೇ, ಯಾರಿಗೆ ಸನ್ಮಾನ ಎಂದು ಕೇಳಿದ ವ್ಯಾಪಾರಿ. ಒಬ್ಬ ದಾನಶೂರರಿಗೆ ಎಂದಳು. ನಮ್ಮ ಭಾಷೆಯಲ್ಲಿ ಇದನ್ನು ಶಲ್ಯ ಎನ್ನುತ್ತೇವೆ ಎಂದಾಗ ಅವನು ಗಲ್ಲಾಪೆಟ್ಟಿಗೆ ಬಡಿದು ನಕ್ಕ. ಆ ನಗು ಕೇಳಿ ಸುಮಿತ್ರಳಿಗೆ ಧೈರ್ಯ ಬಂತು, ಕಲೂರಿನವರಿಗೂ ಅರ್ಥವಾಗುತ್ತದೆ.

ಕಟ್ಟು ಕಟ್ಟಿ ಕೊಡುವಾಗ ಆ ವ್ಯಾಪಾರಿಯೂ ಗಾಜಿನ ಭರಣಿಗೆ ಕೈ ಹಾಕಿ ದಿಶಾಳ ಮುಂದೆ ಮಿಠಾಯಿ ಹಿಡಿದ. ಅಲ್ಲ ಸ್ವಾಮಿ, ಈ ರಾಜ್ಯದಲ್ಲಿ ಒಂದು ಮಗುವನ್ನು ಬರಿಗೈಯಲ್ಲಿ ಬಿಡುವವರು ಯಾರೂ ಇಲ್ಲವೇ? ಸುಮಿತ್ರ ಬಾಯಿ ತೆರೆಯುವ ಮೊದಲೇ ಉಮಾಮಹೇಶ್ವರ, ತನಗೆ ಬರುವ ಮಲಯಾಳಂನಲ್ಲೇ ಬೇಡ ಎನ್ನುವ ಖಚಿತವಾದ ಪದ ಹುಡುಕಿ, ವೇಂಡ ಎಂದ. ವ್ಯಾಪಾರಿ ಮಿಠಾಯಿಯನ್ನು ಭರಣಿಗೆ ವಾಪಸು ಹಾಕಿದ. ಅಷ್ಟೇ. ಇಷ್ಟು ಸುಲಭದ ಕೆಲಸ ಇದು. ಆ ಸಂಜೆಯೇ ಮೂವರೂ ಕೊಚ್ಚಿಯ ರೈಲು ಹತ್ತಿದರು.

ಭಾನುವಾರ ಅಂಗಡಿಯ ಮುಂದೆ ಶಾಮಿಯಾನ, ಮೈಕು, ಐವತ್ತು ಕುರ್ಚಿ. ಪ್ಲೇಸ್ಕೂಲಿನ ತಾಯಂದಿರೆಲ್ಲ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದರು. ವೇದಿಕೆಯ ಮೇಲೆ ರಾಮದಾಸ, ಪಕ್ಕದ ಕುರ್ಚಿಯಲ್ಲಿ ಹೊಸ ಫ್ರಾಕಿನ ಮಾಳು, ಮುಂದೆ ಮೇಜಿನ ಮೇಲೆ ಆ ಬುಟ್ಟಿ. ಮಕ್ಕಳಿಗೆಲ್ಲ ಆಗಲೇ ಒಂದು ಸುತ್ತು ಹಂಚಿಯಾಗಿತ್ತು. ಮೂವತ್ತು ಬಾಯಿಗಳಲ್ಲಿ ಮೂವತ್ತು ಕಡ್ಡಿ. ದಿಶಾಳ ಕೈಯಲ್ಲೂ ಒಂದಿತ್ತು. ಸುಮಿತ್ರ ಈ ಸಲ ಕಿತ್ತುಕೊಳ್ಳಲಿಲ್ಲ. ಕಾಗದ ಬಿಚ್ಚಬೇಡ, ಸ್ವಲ್ಪ ತಡಿ ಎಂದಷ್ಟೇ ಹೇಳಿದಳು.

ಹೆಸರು ಕರೆದಾಗ ಮಗಳ ಕೈ ಹಿಡಿದು ವೇದಿಕೆ ಹತ್ತಿದಳು. ಶಲ್ಯವನ್ನು ಎರಡೂ ಕೈಯಿಂದ ಬಿಡಿಸಿ, ರಾಮದಾಸನ ಹೆಗಲ ಸುತ್ತ ಹೊದಿಸಿದಳು. ಅದು ಎಷ್ಟು ದೊಡ್ಡದಿತ್ತೆಂದರೆ ಮೊಣಕಾಲಿನವರೆಗೂ ಬಂತು. ಚಪ್ಪಾಳೆಯಾಯಿತು. ರಾಮದಾಸ ಧನ್ಯವಾದ ಹೇಳಲು ಮೈಕು ಕೈಗೆ ತೆಗೆದುಕೊಂಡ.

ಆಗ ಸುಮಿತ್ರ ಬುಟ್ಟಿಯಿಂದ ಒಂದು ಕೆಂಪು ಲಾಲಿಪಾಪು ತೆಗೆದಳು. ಎಲ್ಲರ ಮಕ್ಕಳಿಗೂ ಸಿಕ್ಕಿದೆ, ಅಂಗಡಿಯ ಮಗುವಿಗೆ ಮಾತ್ರ ಯಾರೂ ಕೊಡಲಿಲ್ಲವಲ್ಲ ಎನ್ನುತ್ತ ಕಾಗದ ಬಿಚ್ಚಿ ಮಾಳುವಿನ ಮುಂದೆ ಹಿಡಿದಳು. ಮಾಳು ಕಣ್ಣರಳಿಸಿ ಎರಡೂ ಕೈ ಚಾಚಿ ಕಡ್ಡಿ ಹಿಡಿದುಕೊಂಡಿತು. ಬಾಯಿ ತೆರೆಯಿತು.

"ಅಯ್ಯೋ, ಅದು ಕೊಡುಕ್ಕಲ್ಲೇ!" ರಾಮದಾಸ ಕೂಗಿದ. ಕೊಡಬೇಡಿ ಅದನ್ನು, ಬರೀ ಬಣ್ಣ, ಮಗುವಿನ ಹಲ್ಲು ಹಾಳಾಗುತ್ತದೆ! ಕೂಗುತ್ತ ಧಾವಿಸಿ, ಮಗುವಿನ ಕೈಯಿಂದ ಲಾಲಿಪಾಪು ಕಿತ್ತು ನೆಲಕ್ಕೆ ಎಸೆದ. ಮೈಕು ಅವನ ಕೈಯಲ್ಲೇ ಇತ್ತು. ಪ್ರತಿ ಮಾತೂ ಎರಡು ದೊಡ್ಡ ಸ್ಪೀಕರುಗಳಲ್ಲಿ ಕಲೂರಿನ ರಸ್ತೆಯವರೆಗೂ ಹೋಯಿತು.

ಮಾಳು ಅಳಲು ಶುರುಮಾಡಿತು. ದಿಶಾ ನೆಲದ ಮೇಲೆ ಬಿದ್ದ ಲಾಲಿಪಾಪನ್ನು ನೋಡಿದಳು, ತನ್ನ ಕೈಯಲ್ಲಿದ್ದದ್ದನ್ನು ನೋಡಿದಳು, ಆಮೇಲೆ ತಲೆಯೆತ್ತಿ ಮಿಠಾಯಿ ಮಾಮನನ್ನು ನೋಡಿದಳು.

"ಅಪ್ಪೋ ಎನಿಕ್ಕ್ ತನ್ನದೋ?" ಎಂದು ಕೇಳಿದಳು.

ಹಾಗಾದರೆ ನನಗೆ ಕೊಟ್ಟದ್ದು? ಅಷ್ಟೇ ಅವಳ ಪ್ರಶ್ನೆ. ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು. ಆ ಪುಟ್ಟ ದನಿಯನ್ನೂ ಮೈಕು ಹಿಡಿದುಕೊಂಡಿತು. ಮುಂದಿನ ಸಾಲಿನ ತಾಯಿಯೊಬ್ಬಳು ತನ್ನ ಮಗನ ಬಾಯಿಂದ ಕಡ್ಡಿ ಎಳೆದಳು. ಅವಳನ್ನು ನೋಡಿ ಪಕ್ಕದವಳು, ಅವಳನ್ನು ನೋಡಿ ಇನ್ನೊಬ್ಬಳು. ಮೂವತ್ತು ಮಕ್ಕಳ ಅಳು ಒಟ್ಟಿಗೆ ಎದ್ದಿತು. ಸುಮಿತ್ರ ಅಷ್ಟು ಸಂಜೆಗಳಲ್ಲಿ ಒಬ್ಬಳೇ ಹೊತ್ತ ಅಳು ಈಗ ರಾಮದಾಸನ ಶಾಮಿಯಾನದ ಕೆಳಗೆ ನಡೆಯುತ್ತಿತ್ತು. ಅವಳು ಅದನ್ನು ಸಂತೋಷದಿಂದ ಕೇಳಿದಳು. ಸುಳ್ಳು ಯಾಕೆ ಹೇಳಬೇಕು, ಹೊಟ್ಟೆ ತಣ್ಣಗಾಗುವಷ್ಟು ಸಂತೋಷದಿಂದ ಕೇಳಿದಳು.

ಮೈಕನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. ಈ ಚೇಟ್ಟನ್ ನನ್ನ ಗಂಡನ ಹತ್ತಿರ ನಾನು ದೊಡ್ಡ ಶಲ್ಯಂ ಎಂದಿದ್ದರು ಎಂದು ಮಲಯಾಳಂನಲ್ಲಿ, ಮೈಸೂರಿನ ರಾಗದಲ್ಲಿ ಹೇಳಿದಳು. "ನಮ್ಮ ಕನ್ನಡದಲ್ಲಿ ಶಲ್ಯ ಅಂದರೆ ಈಗ ಅವರ ಹೆಗಲ ಮೇಲಿದೆಯಲ್ಲ, ಅದು. ಅವರು ಕೊಟ್ಟದ್ದನ್ನು ನಾನು ವಾಪಸು ಕೊಟ್ಟಿದ್ದೇನೆ." ಮೊದಲು ನಕ್ಕವರು ಅಂಗಡಿಯ ಹುಡುಗಿಯರು. ಆಮೇಲೆ ಶಾಮಿಯಾನವೇ ನಕ್ಕಿತು.

ಮನೆಗೆ ಬರುವ ದಾರಿಯಲ್ಲಿ ಉಮಾಮಹೇಶ್ವರ ಒಂದೇ ಒಂದು ಮಾತು ಕೇಳಿದ. ಅವನು ಕಿತ್ತುಕೊಳ್ಳದೆ ಇದ್ದಿದ್ದರೆ? ಆ ಮಗು ಬಾಯಿಗೆ ಹಾಕಿಕೊಂಡಿದ್ದರೆ? ಆ ಮಾತು ಸುಮಿತ್ರಳನ್ನೂ ಚುಚ್ಚುತ್ತಿತ್ತು. ಆಮೇಲೆ ಓಣಿಯಲ್ಲಿ ಮಾಳು ಕಂಡಾಗಲೆಲ್ಲ ನಕ್ಕು ಮಾತಾಡಿಸಿದಳು. ಮಾಳು ಮುಖ ತಿರುಗಿಸಿ ಒಳಗೆ ಓಡುತ್ತಿತ್ತು. ಆ ಮಗುವಿನ ಪಾಲಿಗೆ ಕೆಟ್ಟವಳು ಸುಮಿತ್ರಳೇ ಆದಳು. ಅದನ್ನು ಅವಳು ನುಂಗಿಕೊಂಡಳು.

ಬುಧವಾರ ಸಂಜೆ ರಾಮದಾಸ ಬಾಗಿಲಲ್ಲಿ ನಿಂತಿದ್ದ. ಬುಟ್ಟಿ ಇರಲಿಲ್ಲ. ಕೈಯಲ್ಲಿ ಮಡಿಸಿದ ಶಲ್ಯ. ಮೇಡಂ, ಇದು ನನಗೆ ಬೇಡ, ತೆಗೆದುಕೊಂಡು ಹೋಗಿ, ಮನೆಯಲ್ಲಿ ಇಟ್ಟರೆ ಮಗಳು ನಗುತ್ತಾಳೆ, ಅಂಗಡಿಯಲ್ಲಿ ಇಟ್ಟರೆ ಬಂದವರು ನಗುತ್ತಾರೆ ಎಂದ. ಅವನ ದನಿ ಬೇಡಿಕೊಳ್ಳುವಂತಿತ್ತು. ಬೇರೆಯವರಾಗಿದ್ದರೆ ಕರಗುತ್ತಿದ್ದರು. ಸುಮಿತ್ರ ತಲೆ ಓರೆ ಮಾಡಿದಳು.

"ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನಬಾರದು ಚೇಟ್ಟಾ," ಎಂದು ಮಗಳ ಕೈ ಹಿಡಿದು ನಡೆದಳು.

ಜೂನ್ ಮೊದಲ ಶನಿವಾರ ಮೂವರೂ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ಡಾಕ್ಟರು ದಿಶಾಳ ಬಾಯೊಳಗೆ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದರು. ಎರಡೂ ಹಲ್ಲು ಇದ್ದಲ್ಲಿಗೇ ನಿಂತಿವೆ, ಥಿಯೇಟರಿನ ಅಗತ್ಯವಿಲ್ಲ ಎಂದರು. ಸುಮಿತ್ರ ಮೆಟ್ಟಿಲಿಳಿಯುವಾಗ ಮಗಳ ಬೆರಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ದಿಶಾ ನೋಯುತ್ತದೆ ಎಂದು ಕೊಸರಾಡಿದಳು.

ವಾಪಸು ಬರುವಾಗ ಅಂಗಡಿಯ ಮುಂದೆ ಹಾದರು. ರಾಮದಾಸ ಬರಿಗೈಯಲ್ಲಿ ನಿಂತಿದ್ದ. ಉಮಾಮಹೇಶ್ವರನನ್ನು ಕಂಡು ಬಲವಂತದ ನಗೆ ನಕ್ಕು, ಈ ಸಲ ಅರ್ಥವಾಗಲಿ ಎಂದು ಪದಪದ ಬಿಡಿಸಿ, ನಿಮ್ಮ ಭಾರ್ಯ ಹೇಗಿದ್ದಾರೆ ಎಂದು ಕೇಳಿದ. ಸುಮಿತ್ರ ಪಕ್ಕದಲ್ಲೇ ನಿಂತಿದ್ದರೂ ಅವಳನ್ನು ಕೇಳುವ ಧೈರ್ಯ ಅವನಿಗಿರಲಿಲ್ಲ.

ಉಮಾಮಹೇಶ್ವರ ನಿಂತ. ಕೈಮುಗಿದ. ಕಣ್ಣು ಮುಚ್ಚಿ ಜ್ಞಾಪಿಸಿಕೊಳ್ಳುವ ಅಗತ್ಯವೇ ಅವನಿಗೆ ಬೀಳಲಿಲ್ಲ.

"ಎಂಡೆ ಭಾರ್ಯ ವಲ್ಯ ಶಲ್ಯಮಾಣು," ಎಂದ. "ವಲ್ಯ ಸಂತೋಷಂ."

ಒಳಗಿನಿಂದ ಅಂಗಡಿಯ ಹುಡುಗಿಯರು ನಕ್ಕರು. ಈ ಸಲ ಅವರು ಯಾರನ್ನು ನೋಡಿ ನಗುತ್ತಿದ್ದಾರೆ ಎಂದು ಉಮಾಮಹೇಶ್ವರನಿಗೆ ಚೆನ್ನಾಗಿ ಗೊತ್ತಿತ್ತು.